ಕರಿಕಿ ಹಚ್ಚಿದ ಕೈಗಳು

ಬೈಲಹೊಂಗಲ ಕಡೆಯ ಎರಿ ಹೊಲಗಳಲ್ಲಿ ದುಡಿದವರಿಗೆ ಕರಿಕಿಯ ಕಾಟ ಹೇಳಿಕೊಡಬೇಕಾಗಿಲ್ಲ. ಚೌತಿಯ ದಿನ ಗಣಪತಿಗೆ ಏರಿಸುವ ಗರಿಕೆಯೇ ಅದು. ಆದರೆ ಹೊಲ ಹೊಕ್ಕಿತೆಂದರೆ ಒಕ್ಕಲಿಗನ ನಡ ಮುರಿಯುತ್ತದೆ. ಮೇಲೆ ಬಳ್ಳಿಯಾಗಿ ಹರಿಯುತ್ತದೆ, ಒಳಗೆ ಬಿಳಿಯ ಬೇರಾಗಿ ಇಳಿಯುತ್ತದೆ. ನೇಗಿಲಿನ ಬಾಯಿಗೆ ಸಿಕ್ಕು ತುಂಡಾದರೆ ಒಂದೊಂದು ತುಂಡಿನ ಗೆಣ್ಣಿನಿಂದಲೂ ಹೊಸ ಹುಲ್ಲು ಚಿಗುರುತ್ತದೆ. ಎಡೆಕುಂಟಿ ಹೊಡೆದು ಹೋಗುವ ಕಸ ಅದಲ್ಲ. ಹಿಂಗಾರಿ ಜೋಳ ಕಿತ್ತ ಮೇಲೆ, ಬ್ಯಾಸಗಿಯ ಬಿಸಿಲಲ್ಲಿ, ಪಿಕಾಸಿ ಹಿಡಿದು ಆಳಕ್ಕೆ ಅಗೆದು, ಹೆಂಟೆ ಒಡೆದು, ಬೇರು ಆರಿಸಿ, ಬದುವಿನ ಮೇಲೆ ಒಣಗಿಸಿ ಸುಡಬೇಕು. ನಮ್ಮಪ್ಪ ಹಾಗೆ ಅಗೆದವನು, ಅವರಪ್ಪನೂ ಹಾಗೆ ಅಗೆದವನು. ಕರಿಕಿ ಅಗೆಯುವುದನ್ನೇ ಗುತ್ತಿಗೆ ಹಿಡಿದು ಊರಿಂದೂರಿಗೆ ಹೋಗುವ ಆಳುಗಳೂ ಒಂದು ಕಾಲಕ್ಕೆ ನಮ್ಮ ಸೀಮೆಯಲ್ಲಿದ್ದರು.

ಅಂಥ ಮನೆಯಲ್ಲಿ ಹುಟ್ಟಿದ ನನಗೆ ಮೊದಲ ಪಗಾರ ಬಂದದ್ದು ಕರಿಕಿ ಹಚ್ಚಿದ್ದಕ್ಕೆ. ಪಿಯುಸಿ ಮುಗಿದಿತ್ತು, ಮುಂದೆ ಓದಿಸಲು ಮನೆಯಲ್ಲಿ ರೊಕ್ಕ ಇರಲಿಲ್ಲ. ಪಕ್ಕದೂರಿನ ಒಬ್ಬ ಮುಕಾದಮರು ಗಾರ್ಡನ್ ಕೆಲಸಕ್ಕೆ ಆಳು ಕರೆದುಕೊಂಡು ಹೋಗುತ್ತಾರೆ ಅಂತ ತಿಳಿದು ಅವರ ಹಿಂದೆ ಹೋದೆ. ಸಂಜೆ ಮನೆಗೆ ಬಂದು ಏನು ದಗದ ಮಾಡಿದೆ ಅಂತ ಹೇಳಿದಾಗ ಅವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದಳು.

“ನಿಮ್ಮಪ್ಪ ಕರಿಕಿ ಅಗದ ಅಗದ ಸಾಕಾಗಿ ಹ್ವಾದ. ನೀ ಅದನ್ನ ಹಚ್ಚಿ ರೊಕ್ಕಾ ತಂದಿ?”

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ನಂಬಿಕೆಯೂ ಇರಲಿಲ್ಲ. ಆ ಪ್ರಶ್ನೆಗೆ ಅಂದು ನನ್ನಲ್ಲಿ ಉತ್ತರವಿರಲಿಲ್ಲ. ನಂತರದ ವರ್ಷಗಳ ಕೆಲಸವೇ ಅದನ್ನು ಕಲಿಸಿತು.

ಮುಕಾದಮರನ್ನು ನಾವೆಲ್ಲ ಕಾಕಾ ಅನ್ನುತ್ತಿದ್ದೆವು. ಎಲ್ಲೋ ಸರಕಾರಿ ತೋಟದಲ್ಲಿ ಮಾಲಿಯ ಕೈಕೆಳಗೆ ಕಲಿತು ಬಂದವರು. ದೊಡ್ಡ ಗುತ್ತಿಗೆದಾರರಿಂದ ತುಂಡು ಕೆಲಸ ಹಿಡಿಯುತ್ತಿದ್ದರು: ಬೈಲಹೊಂಗಲದ ಒಂದು ಕಾಲೇಜಿನ ಅಂಗಳ, ಸವದತ್ತಿಯ ಒಂದು ಕಲ್ಯಾಣ ಮಂಟಪ, ರಾಮದುರ್ಗದಲ್ಲಿ ಹೊಳೆಯ ದಂಡೆಗಿದ್ದ ದೊಡ್ಡ ಮನೆ, ಉತ್ಸವದ ಮುಂದೆ ಕಿತ್ತೂರು. 2012ರ ಅಕ್ಟೋಬರದಲ್ಲಿ ಬೆಳಗಾವಿಯ ಸುವರ್ಣ ವಿಧಾನಸೌಧದ ಉದ್ಘಾಟನೆಯಾದ ಮೇಲೆ ಅದರ ಮುಂದಿನ ಹಸಿರು ನೋಡಿ ಬಂದವರು “ನಮಗೂ ಹಂಗ ಮಾಡಿಕೊಡ್ರಿ” ಅಂತ ಕೇಳುವುದು ಹೆಚ್ಚಾಯಿತು. ನಸುಕಿನಲ್ಲಿ ಟಂಟಂ ಹತ್ತಿ ಹೊರಡುತ್ತಿದ್ದೆವು. ಸಲಿಕೆ, ಬುಟ್ಟಿ, ಕುರ್ಚಿಗಿ, ಕತ್ತರಿ, ಒಂದು ಮಷಿನ್, ಎಲ್ಲರ ಬುತ್ತಿ. ಆಳುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಹೆಣ್ಣುಮಕ್ಕಳು. ಹತ್ತಿ ಬಿಡಿಸುವ, ಶೇಂಗಾ ಕೀಳುವ ಸುಗ್ಗಿ ಬಂದರೆ ಅವರು ಹೊಲಕ್ಕೆ ಹೋಗಿಬಿಡುತ್ತಿದ್ದರು. ಆಗ ನಾವು ನಾಲ್ಕೈದು ಗಂಡಾಳು ಮಾತ್ರ ಉಳಿಯುತ್ತಿದ್ದೆವು, ಕೆಲಸ ಅರ್ಧಕ್ಕೆ ಇಳಿಯುತ್ತಿತ್ತು.

ಈ ನಾಲ್ಕು ಊರುಗಳ ನಡುವೆ ದೂರ ಬಹಳವಿಲ್ಲ, ಆದರೆ ನೆಲ ಒಂದೇ ಅಲ್ಲ. ಇದನ್ನು ನಾನು ಪುಸ್ತಕ ಓದಿ ತಿಳಿಯಲಿಲ್ಲ, ಸಲಿಕೆ ತುದಿ ಹೇಳಿಕೊಟ್ಟಿತು. ಬೈಲಹೊಂಗಲದ್ದು ಆಳವಾದ ಎರಿ. ಕಿತ್ತೂರು ಮಲೆನಾಡಿನ ಸೆರಗಿನಲ್ಲಿದೆ. ಅಲ್ಲಿ ಮಳೆ ಹೆಚ್ಚು, ಸುತ್ತ ಭತ್ತದ ಗದ್ದೆಗಳಿವೆ, ಮಣ್ಣು ಕೆಂಪಿನ ಕಡೆಗೆ ತಿರುಗುತ್ತದೆ, ಹುಲ್ಲು ಬೇಗ ಹತ್ತುತ್ತದೆ. ಸವದತ್ತಿಯಲ್ಲಿ ಗುಡ್ಡದ ಬುಡಕ್ಕೆ ಹೋದರೆ ಗೇಣು ಅಗೆಯುವುದರೊಳಗೆ ಕಲ್ಲು ಖಣ್ ಅನ್ನುತ್ತದೆ. ರಾಮದುರ್ಗದಲ್ಲಿ ಮಲಪ್ರಭೆ ತಂದುಹಾಕಿದ ಮೆಕ್ಕಲು ಒಂದು ಕಡೆ, ಅಲ್ಲೇ ಹತ್ತಿರ ಬೋಳು ಗುಡ್ಡದ ಮರಳುಗಲ್ಲು ಇನ್ನೊಂದು ಕಡೆ. ಎಲ್ಲ ಕಡೆ ಒಂದೇ ಲೆಕ್ಕದಲ್ಲಿ ಗೊಬ್ಬರ, ಒಂದೇ ಲೆಕ್ಕದಲ್ಲಿ ನೀರು ಬರೆದ ಅಂದಾಜುಪಟ್ಟಿಗಳನ್ನು ಕಂಡರೆ ಇವತ್ತಿಗೂ ನನಗೆ ಸಂಕಟವಾಗುತ್ತದೆ.

ಎಲ್ಲಕ್ಕಿಂತ ಕಠಿಣ ಎರಿಮಣ್ಣು. “ತಮ್ಮಾ, ಎರಿ ಮಣ್ಣ ನಂಬಬ್ಯಾಡ. ಮಳಿಗಾಲಕ್ಕ ಉಬ್ಬತೈತಿ, ಬ್ಯಾಸಿಗ್ಯಾಗ ಬಾಯಿ ಬಿಡತೈತಿ” ಅನ್ನುತ್ತಿದ್ದರು ಕಾಕಾ. ನೀರು ಕುಡಿದರೆ ಹಿಗ್ಗಿ, ಒಣಗಿದರೆ ಕುಗ್ಗಿ ಬಿರುಕು ಬಿಡುವುದು ಅದರ ಗುಣ. ಆ ಬಿರುಕಿನಲ್ಲಿ ಹುಲ್ಲಿನ ಬೇರು ಹರಿದುಹೋಗುತ್ತವೆ. ಮಳೆಯಲ್ಲಾದರೆ ನೀರು ಇಂಗದೆ ನಿಂತು ಬೇರು ಕೊಳೆಯುತ್ತವೆ. ಹೀಗಾಗಿ ಮೊದಲು ನೀರು ಹರಿದುಹೋಗಲು ವಾರು ಕೊಡಬೇಕು. ಲೈನ್‌ದೋರಿ ಕಟ್ಟಿ, ಪಾರದರ್ಶಕ ಪೈಪಿನಲ್ಲಿ ನೀರು ತುಂಬಿ ಮಟ್ಟ ನೋಡಿ, ಕಟ್ಟಡದ ಕಡೆಯಿಂದ ಹೊರಗೆ ಸಣ್ಣ ಇಳಿಜಾರು ಮಾಡುತ್ತಿದ್ದೆವು. ಮೇಲೆ ಅರ್ಧ ಅಡಿ ಮಸಾರಿ ಮಣ್ಣು, ಅದಕ್ಕೆ ಚೆನ್ನಾಗಿ ಕೊಳೆತ ತಿಪ್ಪಿಗೊಬ್ಬರ, ಸ್ವಲ್ಪ ಉಸುಕು. ಗೊಬ್ಬರ ಹಸಿ ಇದ್ದರೆ ಒರಲಿ ಬರುತ್ತದೆ, ಜೊತೆಗೆ ಊರಿನ ಕಸದ ಬೀಜವೆಲ್ಲ ಬರುತ್ತದೆ. ಇಷ್ಟಾದ ಮೇಲೆ ನೀರು ಬಿಟ್ಟು ಎರಡು ವಾರ ಸುಮ್ಮನೆ ಕಾಯಬೇಕು. ಮಣ್ಣಿನಲ್ಲಿದ್ದ ಕಾಂಗ್ರೆಸ್ ಕಸ, ಜೇಕು ಎಲ್ಲ ತಲೆ ಎತ್ತುತ್ತವೆ. ಅವನ್ನು ಕಿತ್ತು ಹಾಕಿಯೇ ಹುಲ್ಲು ಹಚ್ಚಬೇಕು. ಹಣ ಕೊಡುವವರಿಗೆ ಈ ಎರಡು ವಾರ ಸಹಿಸುವುದಿಲ್ಲ. “ಯಾಕ ಖಾಲಿ ಬಿಟ್ಟೀರಿ?” ಅಂತ ದಿನಾ ಕೇಳುತ್ತಾರೆ. ಕಾಕಾ ಅದೊಂದು ವಿಷಯದಲ್ಲಿ ಮಾತ್ರ ಯಾರ ಮಾತನ್ನೂ ಕೇಳುತ್ತಿರಲಿಲ್ಲ.

ಹಚ್ಚುವುದು ಮಿರಗಾ ಮಳೆಯ ಹೊತ್ತಿಗೆ. ಗೋಣಿಚೀಲದಲ್ಲಿ ಹಸಿ ಮಾಡಿಟ್ಟ ಕರಿಕಿಯ ಬಳ್ಳಿ ತಂದು, ಎರಡು ಮೂರು ಗೆಣ್ಣು ಇರುವಂತೆ ತುಂಡು ಮಾಡಿ, ನಾಲ್ಕು ಬೆರಳಿಗೊಂದರಂತೆ ಊರಿ, ಹೆಬ್ಬೆರಳಿನಿಂದ ಒತ್ತುವುದು. ಒಂದು ಗೆಣ್ಣು ಮಣ್ಣೊಳಗೆ, ಒಂದು ಹೊರಗೆ. ಕುಂಡೆಯ ಮೇಲೆ ಕುಳಿತು ಹಿಂದಕ್ಕೆ ಹಿಂದಕ್ಕೆ ಸರಿಯುತ್ತ ಹೋಗುವ ಹೆಣ್ಣುಮಕ್ಕಳ ಸಾಲು, ಅವರ ಮುಂದೆ ಮಣ್ಣಿನಲ್ಲಿ ಹಸಿರು ಚುಕ್ಕಿ. ಮಳೆ ಕೈಕೊಡದಿದ್ದರೆ ಶ್ರಾವಣದ ಹೊತ್ತಿಗೆ ನೆಲ ಕಾಣದಂತೆ ಮುಚ್ಚಿಬಿಡುತ್ತಿತ್ತು. ಹೊಲದಲ್ಲಿ ಅಪ್ಪನನ್ನು ಸೋಲಿಸಿದ ಅದೇ ಹಟ ಇಲ್ಲಿ ನಮ್ಮ ಕಡೆಗಿತ್ತು.

ಜೇಕಿನ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು, ಯಾಕೆಂದರೆ ಈ ಕೆಲಸದ ನಿಜವಾದ ಕಸುಬು ಯಾರ ಕೈಯಲ್ಲಿತ್ತು ಅನ್ನುವುದು ನನಗೆ ತಿಳಿದದ್ದು ಅದರಿಂದ. ನೋಡಲು ಹುಲ್ಲಿನ ಹಾಗೆಯೇ ಇರುತ್ತದೆ, ಆದರೆ ದಂಟನ್ನು ಎರಡು ಬೆರಳಲ್ಲಿ ಹೊರಳಿಸಿದರೆ ಮೂರು ಮೂಲೆ ಹತ್ತುತ್ತವೆ. ನೆಲದೊಳಗೆ ಕಪ್ಪು ಗಡ್ಡಿ, ಆ ಗಡ್ಡಿಯಿಂದ ಸಣ್ಣ ದಾರದಂಥ ಬೇರು ಹೋಗಿ ಇನ್ನೊಂದು ಗಡ್ಡಿ, ಅಲ್ಲಿಂದ ಮತ್ತೊಂದು. ನಮ್ಮ ಗುಂಪಿನಲ್ಲಿ ಹಿರಿಯಳಾದ ಒಬ್ಬ ದೊಡ್ಡವ್ವ ಇದ್ದಳು. ನಾನು ಎಲೆ ಹಿಡಿದು ಜಗ್ಗುತ್ತಿದ್ದುದನ್ನು ನೋಡಿ ಹತ್ತಿರ ಬಂದು ಕುಕ್ಕರುಗಾಲಲ್ಲಿ ಕುಳಿತಳು.

“ಎಲಿ ಹರಿದ್ರ ಏನ ಬಂತೋ ಯಪ್ಪಾ? ಗಡ್ಡಿ ಅಲ್ಲೇ ಉಳೀತು. ನಾಳೆ ಒಂದಕ್ಕ ಎರಡ ಬರ್ತಾವು.”

ಕುರ್ಚಿಗಿಯ ಮೂತಿಯನ್ನು ಬುಡದಿಂದ ಒಂದು ಗೇಣು ದೂರದಲ್ಲಿ ಓರೆಯಾಗಿ ಇಳಿಸಿದಳು. ಕೀಳಲಿಲ್ಲ, ಮಣ್ಣನ್ನು ಒಳಗಿನಿಂದ ಸಡಿಲ ಮಾಡಿದಳು. ಎಡಗೈ ಬೆರಳು ಮಣ್ಣೊಳಗೆ ಹೋದವು. ಕಣ್ಣು ಅತ್ತ ಇರಲಿಲ್ಲ, ಪಕ್ಕದವಳ ಜೊತೆ ಮೊಮ್ಮಗಳ ಲಗ್ನದ ಮಾತು ನಡೆದಿತ್ತು. ಬೆರಳಿಗೆ ಗಡ್ಡಿ ಸಿಕ್ಕಿತು, ಅದರ ಬುಡದ ದಾರ ಸಿಕ್ಕಿತು, ದಾರ ಯಾವ ದಿಕ್ಕಿಗೆ ಹೋಗಿದೆ ಅಂತ ಮುಟ್ಟಿಯೇ ತಿಳಿದು ಅತ್ತ ಕುರ್ಚಿಗಿ ಸರಿಸಿದಳು. ಹೀಗೆ ಒಂದರ ಹಿಂದೆ ಒಂದು ಐದಾರು ಗಡ್ಡಿಗಳ ಸರ ಹರಿಯದೆ ಮೇಲೆ ಬಂತು. ಮೇಲಿನ ಕರಿಕಿಯ ಬಳ್ಳಿ ಒಂದೂ ತುಂಡಾಗಿರಲಿಲ್ಲ. ಮಣ್ಣನ್ನು ಅಂಗೈಯಿಂದ ಒತ್ತಿ ಮುಂದೆ ಸರಿದಳು. ಎಲ್ಲಿ ಕುಳಿತಿದ್ದಳು ಅಂತ ಹುಡುಕಿದರೂ ಗುರುತು ಸಿಗುತ್ತಿರಲಿಲ್ಲ.

ಆ ದೊಡ್ಡವ್ವನಿಗೆ ಸಿಗುತ್ತಿದ್ದದ್ದು ಹೆಣ್ಣಾಳಿನ ಕೂಲಿ. ಮಷಿನ್ ಹಿಡಿದ ನನಗೆ ಗಂಡಾಳಿನ ಕೂಲಿ, ಮೇಲೆ ಮಷಿನ್ ಭತ್ಯೆ. ಮಷಿನ್ ನಡೆಸುವುದನ್ನು ನಾನು ಒಂದೇ ವಾರದಲ್ಲಿ ಕಲಿತಿದ್ದೆ. ಗಂಡಸು ಹೆಂಗಸಿಗೆ ಒಂದೇ ಕೆಲಸಕ್ಕೆ ಒಂದೇ ಸಂಬಳ ಕೊಡಬೇಕು ಅನ್ನುವ ಕಾಯಿದೆ ಈ ದೇಶದಲ್ಲಿ 1976ರಲ್ಲೇ ಬಂದಿದೆ. ನಾವು ದುಡಿಯುತ್ತಿದ್ದ ಗುತ್ತಿಗೆದಾರರ ಹಾಜರಿ ಪುಸ್ತಕಕ್ಕೆ ಅದು ಬಂದಿರಲಿಲ್ಲ. “ಕಸಾ ತಗಿಯೂದು ಏನ ದೊಡ್ಡ ಕೆಲಸ?” ಅನ್ನುವುದು ಅಲ್ಲಿನ ಉತ್ತರ. ಬಟವಡೆಯ ದಿನ ಗಂಡಾಳು, ಹೆಣ್ಣಾಳಿನ ಆ ಎರಡು ಸಾಲುಗಳನ್ನು ನೋಡಿ ನನಗೆ ಬರುತ್ತಿದ್ದ ಸಿಟ್ಟು ಇಂದಿಗೂ ಆರಿಲ್ಲ.

ಮಷಿನ್ ಕೆಲಸ ಸುಲಭ ಅಂತ ಅದನ್ನು ಹಗುರ ಮಾಡುವುದು ಬೇಡ. ಹೆಗಲಿಗೆ ಹಾಕುವ ಬ್ರಶ್ ಕಟರ್, ಲೀಟರ್ ಪೆಟ್ರೋಲಿಗೆ 40 ಮಿಲಿ ಲೀಟರ್ 2ಟಿ ಆಯಿಲ್ ಬೆರೆಸಬೇಕು, ಕಡಿಮೆಯಾದರೆ ಇಂಜಿನ್ ಸುಟ್ಟೀತು. ಸವದತ್ತಿಯ ಕಡೆ ಕಲ್ಲು ಸಿಡಿದು ಮೊಣಕಾಲಿಗೆ ಬಡಿಯುತ್ತಿತ್ತು. ಅದಕ್ಕೇ ಮೊದಲು ಒಮ್ಮೆ ನಡೆದಾಡಿ ಕಲ್ಲು ಆರಿಸುವುದು ರೂಢಿ. ಹುಲ್ಲನ್ನು ಎಂದೂ ಅದರ ಎತ್ತರದ ಮೂರನೇ ಒಂದು ಪಾಲಿಗಿಂತ ಹೆಚ್ಚು ಕತ್ತರಿಸಬಾರದು. ಒಮ್ಮೆಲೇ ಬುಡಕ್ಕೆ ಹೊಡೆದರೆ ಹಳದಿ ದಂಟು ಮಾತ್ರ ಉಳಿಯುತ್ತದೆ, ಆ ಖಾಲಿಯಲ್ಲಿ ಬಿಸಿಲು ಬಿದ್ದು ಕಸ ಏಳುತ್ತದೆ. “ಸಣ್ಣಗ ಹೊಡೀರಿ, ಒಂದ ತಿಂಗಳ ಮತ್ತ ಬರೂದ ಬ್ಯಾಡ” ಅನ್ನುವ ಮಾಲೀಕರಿಗೆ ಇದನ್ನು ತಿಳಿಸಿ ಹೇಳುವುದೇ ಅರ್ಧ ದಗದ.

ಕಿತ್ತೂರಿನ ಕೆಲಸ ಬೇರೆ ತರಹದ್ದು. 1824ರ ಅಕ್ಟೋಬರ್ 23ರಂದು ಚೆನ್ನಮ್ಮನ ಸೈನ್ಯ ಬ್ರಿಟಿಷರನ್ನು ಸೋಲಿಸಿ ಅವರ ಅಧಿಕಾರಿ ಥ್ಯಾಕರೆಯನ್ನು ಕೊಂದ ನೆಲ ಅದು. ಪ್ರತಿ ವರ್ಷ ಅದೇ ತಾರೀಖಿನಿಂದ ಮೂರು ದಿನ ಉತ್ಸವ. ಅದಕ್ಕೆ ಮೊದಲಿನ ವಾರಗಳಲ್ಲಿ ಎಲ್ಲ ಕಡೆ ಕಸ ತೆಗೆದು, ಹುಲ್ಲು ಹೊಡೆದು, ಬೇಲಿಯ ಗಿಡ ಕತ್ತರಿಸಿ ಚೊಕ್ಕ ಮಾಡುವುದು. ಆಮೇಲೆ ಸಾವಿರಾರು ಕಾಲು ಅದರ ಮೇಲೆ ನಡೆಯುತ್ತವೆ. ಮೊದಲ ಸಲ ನನಗೆ ಹೊಟ್ಟೆ ಉರಿದಿತ್ತು. ಮಕ್ಕಳು ಉರುಳಾಡಿದ್ದವು, ಮುದುಕರು ಟವೆಲ್ ಹಾಸಿ ಮಲಗಿದ್ದರು, ಹಳ್ಳಿಯಿಂದ ಬಂದ ಸಂಸಾರಗಳು ದುಂಡಗೆ ಕುಳಿತು ಬುತ್ತಿ ಬಿಚ್ಚಿದ್ದವು. ಕಾಕಾ ಅದನ್ನೇ ಸಂತೋಷದಿಂದ ನೋಡುತ್ತ ನಿಂತಿದ್ದರು.

“ಕುಂದ್ರಲಿ ಬಿಡು. ಮತ್ಯಾತಕ್ಕ ಮಾಡೇವಿ ಇದನ್ನ?”

ಉತ್ಸವ ಮುಗಿದ ಮೇಲೆ ನಾವು ಮತ್ತೆ ಹೋಗಿ ಗಟ್ಟಿಯಾದ ನೆಲಕ್ಕೆ ಮುಳ್ಳುಗುದ್ದಲಿಯಿಂದ ತೂತು ಹೊಡೆದು, ತೆಳುವಾಗಿ ಉಸುಕು ಗೊಬ್ಬರ ಚೆಲ್ಲಿ, ನೀರು ಕೊಟ್ಟೆವು. ದೀಪಾವಳಿ ಕಳೆಯುವುದರೊಳಗೆ ಕರಿಕಿ ಎದ್ದು ನಿಂತಿತು. ತುಳಿದರೂ ಸಾಯದ ಹುಲ್ಲು ಅದು, ಬೆಳೆಯುವ ಕಣ್ಣು ನೆಲಕ್ಕೆ ಅಂಟಿಕೊಂಡಿರುತ್ತದೆ. ಅವ್ವನ ಪ್ರಶ್ನೆಗೆ ಉತ್ತರ ಅಲ್ಲಿ ಸಿಕ್ಕಿತು. ಅಪ್ಪ ಅಗೆದು ತೆಗೆದ ಜಾಗದಲ್ಲಿ ಜೋಳ ಬರಬೇಕಿತ್ತು. ನಾನು ಹಚ್ಚಿದ ಜಾಗದಲ್ಲಿ ಮಂದಿ ಕೂಡಬೇಕಿತ್ತು. ಬೈಲಹೊಂಗಲದಲ್ಲಿ ಚೆನ್ನಮ್ಮನ ಸಮಾಧಿ ಇದೆ. ಸೆರೆಯಲ್ಲಿದ್ದು 1829ರಲ್ಲಿ ತೀರಿಕೊಂಡ ತಾಯಿಯ ಹತ್ತಿರ ಬಂದವರು ಹೂವಿಟ್ಟು ಕೈಮುಗಿದು ಹಾಗೇ ಹೊರಟುಹೋಗುವುದಿಲ್ಲ, ಒಂದಿಷ್ಟು ಹೊತ್ತು ಕುಳಿತು ಹೋಗುತ್ತಾರೆ. ಸವದತ್ತಿಯ ಯಲ್ಲಮ್ಮನ ಗುಡ್ಡದಲ್ಲಿ ಭಾರತ ಹುಣ್ಣಿಮೆಗೆ ಚಕ್ಕಡಿ, ಟ್ರ್ಯಾಕ್ಟರ್ ಕಟ್ಟಿಕೊಂಡು ಬಂದ ಭಕ್ತರು ಮೂರು ಕಲ್ಲು ಹೂಡಿ ಅಲ್ಲೇ ಅಡಿಗೆ ಮಾಡಿ, ಪಡ್ಡಲಗಿ ತುಂಬಿಸಿ, ಮಂದಿಯನ್ನೂ ಕರೆದು ಉಣ್ಣುತ್ತಾರೆ. ನೆಲದ ಮೇಲೆ ಕೂಡುವುದು ನಮ್ಮ ಸೀಮೆಯ ಮರ್ಯಾದೆ. “ಹುಲ್ಲಿನ ಮೇಲೆ ನಡೆಯಬೇಡಿ” ಅನ್ನುವ ಫಲಕಗಳನ್ನು ನಾನೇ ಗುಂಡಿ ತೋಡಿ ನೆಟ್ಟಿದ್ದೇನೆ, ಹೇಳಿದ ಕೆಲಸ ಮಾಡಬೇಕಲ್ಲ. ಹೊಸದಾಗಿ ಹಚ್ಚಿದ ಎರಡು ತಿಂಗಳು ಆ ಫಲಕ ಬೇಕು. ಆಮೇಲೂ ಅದನ್ನು ಅಲ್ಲೇ ಬಿಡುವುದು ತಪ್ಪು.

2022ರಲ್ಲಿ ಸುವರ್ಣ ವಿಧಾನಸೌಧದ ಮೆಟ್ಟಿಲ ಮೇಲೆ ಅಲ್ಲಿನ ಗುತ್ತಿಗೆ ಕೆಲಸದ ಹೆಣ್ಣುಮಗಳು ಶ್ಯಾವಿಗಿ ಒಣಹಾಕಿದ ಚಿತ್ರ ಎಲ್ಲರ ಮೊಬೈಲಿಗೆ ಬಂತು. ಕೆಲಸದಿಂದ ತೆಗೆದರು, ಜನ ಮರುಗಿ ಮಾತಾಡಿದ ಮೇಲೆ ಮತ್ತೆ ತೆಗೆದುಕೊಂಡರು. ಬ್ಯಾಸಗಿಯಲ್ಲಿ ಚೊಕ್ಕ ಕಲ್ಲು, ಒಳ್ಳೆ ಬಿಸಿಲು ಕಂಡರೆ ನಮ್ಮ ಹೆಣ್ಣುಮಕ್ಕಳಿಗೆ ಶ್ಯಾವಿಗಿ, ಹಪ್ಪಳ ನೆನಪಾಗುತ್ತವೆ. ದಿನಾ ಕಸಗುಡಿಸುವ ಕೈಗೆ ಆ ಜಾಗ ಎಷ್ಟು ಚೊಕ್ಕ ಅನ್ನುವುದು ಎಲ್ಲರಿಗಿಂತ ಚೆನ್ನಾಗಿ ಗೊತ್ತು. ಆ ಸುದ್ದಿ ಓದಿದ ದಿನ ನನಗೆ ದೊಡ್ಡವ್ವನ ನೆನಪು ಬಹಳ ಬಂತು.

ಇದಕ್ಕೂ ಮೊದಲು ಮೆಕ್ಸಿಕನ್ ಲಾನಿನ ಕಾಲ ಬಂದಿತ್ತು. ಚೌಕು ಚೌಕಾದ ತುಂಡುಗಳಲ್ಲಿ ಲಾರಿಯಲ್ಲಿ ಬರುತ್ತದೆ, ಬಿಚ್ಚಿ ಹಾಸಿದರೆ ಅದೇ ದಿನ ಹಸಿರು. ಮೆತ್ತಗಿರುತ್ತದೆ, ಚಂದವೂ ಹೌದು. ಆದರೆ ನಮ್ಮ ಕಡೆಯ ಮಾರ್ಚ್–ಏಪ್ರಿಲ್ ಬಿಸಿಲಲ್ಲಿ ಅದು ದಿನವೂ ನೀರು ಬೇಡುತ್ತದೆ. ಒಂದು ಗುಂಟೆ ನೆಲದ ಮೇಲೆ ಒಂದು ಇಂಚು ನೀರು ನಿಲ್ಲಿಸಲು ಸುಮಾರು 2,500 ಲೀಟರ್ ಬೇಕು. ಸವದತ್ತಿ, ರಾಮದುರ್ಗದ ಹಳ್ಳಿಗಳಲ್ಲಿ ಕೊಡ ಹಿಡಿದು ಟ್ಯಾಂಕರ್ ಕಾಯುವ ಮಂದಿಯ ಮುಂದೆ ಈ ಲೆಕ್ಕ ಹೇಳಲು ಬಾಯಿ ಬರುವುದಿಲ್ಲ. 2015, 2016 ಎರಡೂ ಬರದ ವರ್ಷ. ಮಲಪ್ರಭೆಯ ನವಿಲುತೀರ್ಥದ ಅಣೆಕಟ್ಟೆಗೆ 37.73 ಟಿಎಂಸಿ ಹಿಡಿಯುವ ಶಕ್ತಿಯಿದೆ, ಹಿಡಿಯಲು ನೀರೇ ಇರಲಿಲ್ಲ. 2016ರ ಜುಲೈ 27ರಂದು ಮಹದಾಯಿ ನ್ಯಾಯಮಂಡಳಿ ಮಲಪ್ರಭೆಗೆ ನೀರು ತಿರುಗಿಸುವ ಕಳಸಾ-ಬಂಡೂರಿಯ 7.56 ಟಿಎಂಸಿ ಕೋರಿಕೆಯನ್ನು ತಳ್ಳಿಹಾಕಿತು. ಮಲಪ್ರಭೆಯನ್ನು ನಂಬಿದ ಊರುಗಳೆಲ್ಲ ರಸ್ತೆಗೆ ಇಳಿದವು. ಆ ವಾರ ನಾವು ಒಂದು ಮನೆಯ ಮೆಕ್ಸಿಕನ್ ಹುಲ್ಲಿಗೆ ಕೊಳವೆಬಾವಿಯ ನೀರು ಬಿಡುತ್ತಿದ್ದೆವು. ಗೇಟಿನ ಹೊರಗೆ ಘೋಷಣೆ ಕೂಗುತ್ತ ಹೋದವರಲ್ಲಿ ನಮ್ಮೂರ ರೈತರಿದ್ದರು. ದೊಡ್ಡವ್ವ ಎದ್ದು ಹೋಗಿ ನಳ ಬಂದ್ ಮಾಡಿದಳು. ಕಾಕಾ ಏನೂ ಅನ್ನಲಿಲ್ಲ. ಮುಂದಿನ ಬ್ಯಾಸಗಿಗೆ ಆ ಕೊಳವೆಬಾವಿಯೂ ಬತ್ತಿತು, ಹುಲ್ಲು ಚಾಪೆಯಂತೆ ಒಣಗಿ ಎದ್ದು ಬಂತು. ಕಾಲೇಜಿನ ಅಂಗಳದ ಕರಿಕಿಗೂ ಆ ವರ್ಷ ನೀರಿರಲಿಲ್ಲ. ಅದೂ ಒಣಗಿ ಬಿಳಿಚಿತು. ಮಳೆ ಬಿದ್ದ ಮೇಲೆ ತಾನಾಗಿ ಚಿಗುರಿತು, ಯಾರೂ ಏನೂ ಮಾಡಲಿಲ್ಲ.

ಮೂರು ವರ್ಷ ಕಳೆದು ಹೊಳೆ ಉಲ್ಟಾ ತಿರುಗಿತು. 2019ರ ಆಗಸ್ಟಿನಲ್ಲಿ ಮಲಪ್ರಭೆ ಉಕ್ಕಿ ಮುನವಳ್ಳಿ, ರಾಮದುರ್ಗದ ಕಡೆ ಮನೆ ಹೊಲಗಳಿಗೆ ನೀರು ಹೊಕ್ಕಿತು. ನಾವು ನೋಡಿಕೊಳ್ಳುತ್ತಿದ್ದ ದಂಡೆಯ ಮನೆಯ ಅಂಗಳ ಗೇಣುದ್ದ ರಾಡಿಯಲ್ಲಿ ಹೂತುಹೋಗಿತ್ತು. ಗುಲಾಬಿ, ಕ್ರೋಟನ್, ಡುರಾಂಟಾ ಬೇಲಿ ಎಲ್ಲ ಹೋದವು. ಮನೆಯ ಯಜಮಾನರು ಜೆಸಿಬಿ ತರಿಸಿ ಕೆರೆದು ಹೊಸದಾಗಿ ಮಾಡೋಣ ಅಂದರು. ಕಾಕಾ ತಡೆದರು. ಮೇಲಿನ ದಪ್ಪ ಪದರವನ್ನು ಸಲಿಕೆಯಿಂದ ಎತ್ತಿ ತೆಗೆದೆವು, ಎರಡು ಬೆರಳಷ್ಟು ರಾಡಿ ಹಾಗೇ ಬಿಟ್ಟೆವು. ಬಿಸಿಲಿಗೆ ಅದು ಸೀಳಿತು. ಕೆಲವು ವಾರಕ್ಕೆ ಆ ಸೀಳುಗಳಿಂದಲೇ ಕರಿಕಿಯ ಮೊನೆ ಹೊರಬಂದವು. ಹೊಳೆ ತಂದ ಗೋಡು ಮಣ್ಣೇ ಅದಕ್ಕೆ ಗೊಬ್ಬರವಾಯಿತು. ಆ ವರ್ಷ ಅಲ್ಲಿ ಬೆಳೆದಷ್ಟು ಗಟ್ಟಿ ಹುಲ್ಲನ್ನು ನಾನು ಬೇರೆಲ್ಲೂ ನೋಡಿಲ್ಲ.

ದುಡಿಯುತ್ತಲೇ ಹೊರಗಿನಿಂದ ಪರೀಕ್ಷೆ ಕಟ್ಟಿ ಪದವಿ ಮುಗಿಸಿದೆ. ಈಗ ಒಂದು ಶಿಕ್ಷಣ ಸಂಸ್ಥೆಯ ಕಚೇರಿಯಲ್ಲಿ ಗುಮಾಸ್ತ. ಆವರಣದ ನಿರ್ವಹಣೆಯ ಕಾಗದಪತ್ರ ನನ್ನ ಮೇಜಿಗೆ ಬರುತ್ತವೆ. ಗುತ್ತಿಗೆಯ ಕರಾರಿನ ಕರಡು ಬರೆಯುವಾಗ ಒಂದೊಂದು ಷರತ್ತಿಗೂ ಮೇಲಿನವರ ಜೊತೆ ವಾದ ಮಾಡಿದ್ದೇನೆ. ಹುಲ್ಲು ಕರಿಕಿಯೇ ಆಗಬೇಕು. ಎರಿಮಣ್ಣಿನ ಮೇಲೆ ಮಸಾರಿ ಹಾಕಬೇಕು. ಕಸ ಎದ್ದು ಬರುವವರೆಗೆ ಎರಡು ವಾರ ಕಾಯಬೇಕು. ಬ್ಯಾಸಗಿಯಲ್ಲಿ ಹುಲ್ಲು ಒಣಗಿದರೆ ದಂಡ ಹಾಕುವಂತಿಲ್ಲ. ಬಿಸಿಲ ದಿಕ್ಕಿಗೆ ಬೇವು, ಹೊಂಗೆ ಹಚ್ಚಬೇಕು, ನೆರಳಿದ್ದರೆ ಮಕ್ಕಳು ಕೂಡುತ್ತಾರೆ. ಇವೆಲ್ಲ ಹೆಚ್ಚು ತಕರಾರಿಲ್ಲದೆ ಪಾಸಾದವು.

ಕೂಲಿಯ ಷರತ್ತಿಗೆ ಮಾತ್ರ ಬಹಳ ದಿನ ಹಿಡಿಯಿತು. ಕನಿಷ್ಠ ವೇತನದ ಪಟ್ಟಿಯಲ್ಲಿ ಕುಶಲ, ಅರೆಕುಶಲ, ಅಕುಶಲ ಅಂತ ಸಾಲುಗಳಿವೆ. ಕಸ ತೆಗೆಯುವವರನ್ನು ಕಣ್ಣು ಮುಚ್ಚಿ ಕೊನೆಯ ಸಾಲಿಗೆ ಬರೆಯುತ್ತಾರೆ. ನಾನು ಕಚೇರಿಯವರನ್ನು ಅಂಗಳಕ್ಕೆ ಕರೆದುಕೊಂಡು ಹೋಗಿ, ಜೇಕು ತೆಗೆಯುತ್ತಿದ್ದ ಇಬ್ಬರು ಹೆಣ್ಣುಮಕ್ಕಳ ಹತ್ತಿರ ನಿಲ್ಲಿಸಿ, “ನೀವೂ ಒಂದ ಗಡ್ಡಿ ತಗದ ನೋಡ್ರಿ ಸರ್” ಅಂದೆ. ತೆಗೆದು ನೋಡಿದರು. ಎಲೆ ಕೈಗೆ ಬಂತು, ಗಡ್ಡಿ ಅಲ್ಲೇ ಉಳಿಯಿತು. ಈ ವರ್ಷದ ಕರಾರಿನಲ್ಲಿ ಆ ಇಬ್ಬರ ಹೆಸರು ಕುಶಲ ಕೆಲಸಗಾರರ ಸಾಲಿನಲ್ಲಿದೆ. ಮೊದಲ ತಿಂಗಳ ಪಗಾರ ಬ್ಯಾಂಕಿಗೆ ಜಮಾ ಆದ ಮರುದಿನ ಅವರಲ್ಲಿ ಹಿರಿಯಾಕೆ ಪಾಸ್‌ಬುಕ್ ಹಿಡಿದುಕೊಂಡು ನನ್ನ ಮೇಜಿಗೆ ಬಂದಳು.

“ತಮ್ಮಾ, ಇದ ಎಷ್ಟ ಬಂದೈತಿ ಓದಿ ಹೇಳಪಾ.”

ಓದಿದೆ. ಇನ್ನೊಮ್ಮೆ ಓದಿಸಿಕೊಂಡಳು.

“ಹಂಗಾರ ನಮ್ಮ ಸೊಸೀನ್ನೂ ಕರಕೊಂಡ ಬರ್ತೇನಿ. ಅಕಿ ಕೈ ನನಗಿಂತ ಚೊಕ್ಕ ಐತಿ.”